ಇಪ್ಪತ್ತೆರಡು ಮಾತ್ರೆ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ನಿಂತೇ ದೂರು ಬರೆಸಿದಳು. ಹಿಂದಿನ ದಿನ ಆಸ್ಪತ್ರೆಯಲ್ಲಿ ಅವಳ ತಮ್ಮ ತೀರಿಕೊಂಡಿದ್ದ. ಮೂವತ್ತೊಂದು ವರ್ಷ, ಮನೆಯಲ್ಲೇ ಹೊಲಿಗೆ ಕೆಲಸ. ಯಾರೂ ಇಲ್ಲದಾಗಲೂ ದನಿಗಳು ಕೇಳುವ ಕಾಯಿಲೆಗೆ ಆರು ವರ್ಷದಿಂದ ರಾತ್ರಿ ಎರಡರಂತೆ ಕ್ಲೋಜಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಔಷಧಿ ಅಂಗಡಿಯವನು ಈ ಸಲ ಬೇರೇನೋ ಕೊಟ್ಟು ಅವನನ್ನು ಕೊಂದ ಎಂಬುದು ದೂರು. ವಿಷಪ್ರಾಶನದ ಶಂಕೆ ಎಂದು ಆಸ್ಪತ್ರೆಯ ಪತ್ರವೂ ಬಂದಿತ್ತು. 10.15ಕ್ಕೆ ಎಫ್‌ಐಆರ್ ದಾಖಲಾಯಿತು.

ಔಷಧಿ ಅಂಗಡಿಗೆ ಬಂದ ಇನ್‌ಸ್ಪೆಕ್ಟರನ್ನು ಕಂಡೊಡನೆ ಅಂಗಡಿಯವನ ಕೈಯಿಂದ ಬಿಲ್ ಪುಸ್ತಕ ಜಾರಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಳ್ತಿದ್ದಾನೆ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್. ಕಸದಲ್ಲೂ ಸಾಕ್ಷ್ಯ ಹುಡುಕುವ ಅವನಿಗೆ ಠಾಣೆಯಲ್ಲಿ 'ಭೂತಗನ್ನಡಿ' ಎಂದೇ ಹೆಸರು.

"ಪೊಲೀಸರನ್ನ ಕಂಡ್ರೆ ನಮ್ಮ ಮಾವನೂ ನಡುಗ್ತಾರೆ. ಚೀಟಿ ನೋಡಯ್ಯ."

ವೈದ್ಯರ ಚೀಟಿ, ಬಿಲ್ಲು, ಬ್ಯಾಚ್ ನಂಬರ್ ಎಲ್ಲವೂ ಸರಿಯಾಗಿದ್ದವು. ಅಂಗಡಿಯವನು ಕಣ್ಣೊರೆಸಿಕೊಂಡು, ಸತ್ತವನು ತನಗೆ ಎರಡು ಅಂಗಿ ಹೊಲಿದುಕೊಟ್ಟಿದ್ದ ಎಂದ.

ಮಧ್ಯಾಹ್ನ 2.30ಕ್ಕೆ, ಅವನಿಗೆ ಮೊದಲಿನಿಂದಲೂ ಚಿಕಿತ್ಸೆ ಕೊಡುತ್ತಿದ್ದ ಆಸ್ಪತ್ರೆಯ ಡಾಕ್ಟರಮ್ಮ ಸಿಕ್ಕರು.

"ರಕ್ತದಲ್ಲಿ ಏನಿತ್ತು?"

"ಅವನದೇ ಔಷಧಿ. ಆದ್ರೆ ಹಲವು ಪಟ್ಟು ಹೆಚ್ಚು. ಇದಕ್ಕೆ ಪ್ರತಿವಿಷ ಅಂತ ಇಲ್ಲ. ಉಸಿರಿನ ದಾರಿ ಕಾಯಬೇಕು, ಹೃದಯದ ಬಡಿತ ನೋಡ್ತಾ ಇರಬೇಕು. ಬೇಗ ಬಂದವರಲ್ಲಿ ಹೆಚ್ಚಿನವರು ಬದುಕ್ತಾರೆ."

"ಇವನು?"

"ಮೂರು ಗಂಟೆ ತಡ. ಏನು ತಗೊಂಡ ಅಂದ್ರೆ ಅಕ್ಕ ಗೊತ್ತಿಲ್ಲ ಅಂದ್ರು. ಮೇಲಾಗಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ರು. ಮಂಪರಿನಲ್ಲಿ ಇದ್ದವನಿಗೆ ಹಾಗೆ ಮಾಡಬಾರದು. ಅದೆಲ್ಲ ಶ್ವಾಸಕೋಶಕ್ಕೆ ಇಳಿದಿತ್ತು."

"ಸ್ಟ್ರಿಪ್‌ನಲ್ಲಿ ಖಾಲಿಯಾಗಿರೋದು ದಿನಕ್ಕೆ ಎರಡೇ. ಹೆಚ್ಚಿನದು ಎಲ್ಲಿಂದ ಬಂತು?"

"ನುಂಗದೆ ಕೂಡಿಟ್ಟಿರಬಹುದು. ಈ ಮಾತ್ರೆಯಿಂದ ಜೊಲ್ಲು ಸುರಿಯುತ್ತೆ, ತುಂಬ ನಿದ್ದೆ. ಹೊಲಿಯೋ ಬಟ್ಟೆ ಮೇಲೆ ಜೊಲ್ಲು ಬೀಳುತ್ತೆ ಅಂತ ನನ್ನ ಹತ್ರ ಅತ್ತಿದ್ದ. ಎರಡು ದಿನಕ್ಕಿಂತ ಹೆಚ್ಚು ಬಿಟ್ಟರೆ ದೇಹಕ್ಕೆ ಅಭ್ಯಾಸ ತಪ್ಪುತ್ತೆ ಸಾರ್. ಆಮೇಲೆ ಹಳೇ ಪ್ರಮಾಣವನ್ನೂ ಒಮ್ಮೆಗೇ ಕೊಡೋ ಹಾಗಿಲ್ಲ. ಚೂರಿನಿಂದ ಶುರು ಮಾಡಬೇಕು."

ಬುಧವಾರ 11.00ಕ್ಕೆ ಇಬ್ಬರು ಪಂಚರ ಸಮಕ್ಷಮ ಮನೆಯ ಪಂಚನಾಮೆ ನಡೆಯಿತು. ಒಂದೇ ಕೋಣೆ, ಒಂದು ಅಡುಗೆಮನೆ. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ಹಾಗೇ ಇತ್ತು. ಭೂತಗನ್ನಡಿ ಕಬ್ಬಿಣದ ಮಂಚವನ್ನು ಮಗುಚಿದ. ಒಂದು ಕಾಲಿನ ರಬ್ಬರ್ ಬಿರಡೆ ಸಡಿಲವಾಗಿತ್ತು. ಕೊಳವೆಯೊಳಗೆ ಹಳದಿ ಪುಡಿ, ತುಕ್ಕಿಗೆ ಅಂಟಿದ ಒಂದು ಚೂರು ಮಾತ್ರೆ.

"ಹಾಗಾದ್ರೆ ಅವನೇ ನುಂಗಿದ ಸಾರ್. ಆತ್ಮಹತ್ಯೆ. ಫೈಲ್ ಮುಚ್ಚಬಹುದು."

ಇನ್‌ಸ್ಪೆಕ್ಟರಿಗೂ ಹಾಗೇ ಆಗಲಿ ಎನ್ನಿಸಿತ್ತು. ಆದರೆ ಅಡುಗೆಮನೆಯಲ್ಲಿ ತೊಳೆದಿಟ್ಟ ಕುಟ್ಟಾಣಿಯ ಕಲ್ಲಿನ ಸಂದಿಯಲ್ಲೂ ಅದೇ ಹಳದಿ ಇತ್ತು. ಸಾಯಲು ಹೊರಟವನು ಮಾತ್ರೆ ಕುಟ್ಟುತ್ತಾ ಕೂರುವುದಿಲ್ಲ. ಅವರು ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದರು.

"ಎಷ್ಟು ಸಿಕ್ಕಿತ್ತಮ್ಮಾ?"

"ಇಪ್ಪತ್ತೆರಡು. ಹನ್ನೊಂದು ದಿನದ್ದು. ಭಾನುವಾರ ಹಾಸಿಗೆ ಬಿಸಿಲಿಗೆ ಹಾಕೋಕೆ ಮಂಚ ಸರಿಸಿದಾಗ ಬಿರಡೆ ಕಳಚಿ ಉದುರಿದ್ವು."

"ಯಾಕೆ ಕೊಟ್ರಿ?"

"ಮಂಗಳವಾರ ತಪಾಸಣೆ ಇತ್ತು. ಮತ್ತೆ ಗೋಡೆ ಜೊತೆ ಮಾತಾಡ್ತಿದ್ದ. ಹಾಗೇ ಕರಕೊಂಡು ಹೋದ್ರೆ ವಾರ್ಡಿಗೆ ಸೇರಿಸ್ತಾರೆ. ಹೊರಗಡೆಯಿಂದ ಬೀಗ ಹಾಕೋ ವಾರ್ಡು. ಇನ್ನೊಂದು ಸಲ ಅಲ್ಲಿಗೆ ಬಿಡಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಒಂದು ದಿನವೂ ತಪ್ಪಬಾರದು ಅಂತ ಚೀಟಿಯಲ್ಲಿ ಬರೆದಿತ್ತಲ್ಲ ಸಾರ್... ತಪ್ಪಿದ್ದನ್ನೆಲ್ಲ ತುಂಬಿಸಿಬಿಟ್ಟೆ."

"ಆಸ್ಪತ್ರೇಲಿ ಯಾಕೆ ಹೇಳಲಿಲ್ಲ?"

"ಮಾತ್ರೆ ಬಿಟ್ಟಿದ್ದ ಅಂತ ಗೊತ್ತಾದ್ರೆ ವಾರ್ಡಿಗೆ ಹಾಕ್ತಾರಲ್ಲ."

"ಅಂಗಡಿಯವನ ಮೇಲೆ ದೂರು?"

"ಯಾರೋ ಒಬ್ಬರು ಕೊಂದಿರಬೇಕಿತ್ತು. ಅದು ನಾನಾಗಬಾರದಿತ್ತು."

ಅತಿಯಾದರೆ ಅಮೃತವೂ ವಿಷ ಎಂಬ ಮಾತು ಭೂತಗನ್ನಡಿಯ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡ.

12.50ಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದ ಮೇಲೆ ದೂರುದಾರಳನ್ನೇ ಬಂಧಿಸಲಾಯಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಅನೇಕ ಕೊಲೆಗಡುಕರನ್ನು ಹಿಡಿದಿದ್ದರು. ಮಹಿಳಾ ಕಾನ್‌ಸ್ಟೇಬಲ್ ಇವಳನ್ನು ಜೀಪು ಹತ್ತಿಸುವಾಗ ಅವರೇ ಬಾಗಿಲು ಹಿಡಿದು ನಿಂತರು. ಇವಳಲ್ಲಿ ದ್ವೇಷ ಇರಲಿಲ್ಲ, ಆಸೆ ಇರಲಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುವ ಹಠ ಮಾತ್ರ ಇತ್ತು.

ಠಾಣೆಯಲ್ಲಿ ಹೇಳಿಕೆಗೆ ಸಹಿ ಹಾಕುವ ಮೊದಲು ಅವಳು ಪೆನ್ನು ತಡೆದಳು.

"ಒಂದು ಮಾತು ಸೇರಿಸಿ ಸಾರ್. ಹಾಲು ಕಹಿ ಅಕ್ಕಾ ಅಂದ. ಇನ್ನೆರಡು ಚಮಚ ಸಕ್ಕರೆ ಹಾಕಿದೆ. ಆಮೇಲೆ ಒಂದು ಹನಿಯೂ ಬಿಡಲಿಲ್ಲ. ಅಕ್ಕ ಕೊಟ್ಟಿದ್ದು ಅಂತ ಪೂರ್ತಿ ಕುಡಿದ."