ಒಡನಾಡಿಯ ಕಳವು

2025ರ ಮಾರ್ಚ್ 10, ಸೋಮವಾರ ಬೆಳಿಗ್ಗೆ 10.40ಕ್ಕೆ ವೈಟ್‌ಫೀಲ್ಡ್ ಕಡೆಯ ಠಾಣೆಯೊಂದಕ್ಕೆ ವಿಚಿತ್ರ ದೂರು ಬಂತು. ಒಂಟಿ ಜನರಿಗೆಂದು ಒಡನಾಡಿ ರೋಬೋ ತಯಾರಿಸುವ ಕಂಪನಿಯಲ್ಲಿ ಒಂದು ರೋಬೋ ಕಳುವಾಗಿತ್ತು. ಎರಡು ವರ್ಷದ ಮಗುವಿನಷ್ಟು ಎತ್ತರ. ಎದುರಿಗಿದ್ದವರ ಮುಖ, ದನಿಯಿಂದಲೇ ಸಂತೋಷ, ದುಃಖ ಗುರುತಿಸುತ್ತದಂತೆ. ಹೆಂಡತಿ ತೀರಿಕೊಂಡ ಮೇಲೆ ನನ್ನ ಮುಖವನ್ನು ಯಾರು ಹಾಗೆ ನೋಡಿದ್ದಾರೆ ಎಂದುಕೊಳ್ಳುತ್ತಲೇ ಇನ್‌ಸ್ಪೆಕ್ಟರ್ ಹನುಮಂತಯ್ಯ ಎಫ್‌ಐಆರ್ ದಾಖಲಿಸಿದರು.

ಕಂಪನಿಯಲ್ಲಿ ಬೀಗ ಒಡೆದಿರಲಿಲ್ಲ, ಒಳಗಿನವರದೇ ಕೈವಾಡ. ರೋಬೋಗೆ ಭಾವನೆ ಕಲಿಸಲು ನಾಲ್ವರಿದ್ದಾರೆಂದು ಅದನ್ನು ವಿನ್ಯಾಸ ಮಾಡಿದ ಎಂಜಿನಿಯರ್ ಈರೇಶ್ ವಿವರಿಸಿದ. ಒಬ್ಬರು ಅದರ ಮುಂದೆ ಕೂತು ನಗಬೇಕು, ಒಬ್ಬರು ಸಿಟ್ಟಾಗಬೇಕು, ಒಬ್ಬರು ಹೆದರಬೇಕು. ವನಜಾ ಎಂಬಾಕೆಯ ಪಾಲಿಗೆ ಬಂದದ್ದು ದುಃಖ. ಹತ್ತು ತಿಂಗಳಿಂದ ಅಳುವುದೇ ಕೆಲಸ. ಇದೆಂಥ ನೌಕರಿಯಪ್ಪಾ ಎಂದು ಹನುಮಂತಯ್ಯನವರಿಗೆ ತಲೆ ಚಿಟ್ಟು ಹಿಡಿಯಿತು.

ಮಂಗಳವಾರ ಮಧ್ಯಾಹ್ನ ಈರೇಶ್ ಠಾಣೆಗೆ ಓಡಿ ಬಂದ. ಇಂಟರ್ನೆಟ್ ಇಲ್ಲದೆ ರೋಬೋ ಬಾಯಿ ಬಿಡುವುದಿಲ್ಲ. ಕದ್ದವರು ಭಾನುವಾರ ಸಂಜೆ 7.20ಕ್ಕೆ ಅದನ್ನು ಮನೆಯ ವೈಫೈಗೆ ಜೋಡಿಸಿದ್ದರು. ಅದು ಕಂಡದ್ದನ್ನೆಲ್ಲ ಕಂಪನಿಗೆ ವರದಿ ಮಾಡಿಬಿಟ್ಟಿತ್ತು. ಆ ವರದಿ ಈರೇಶನ ಕಣ್ಣಿಗೆ ಬಿದ್ದದ್ದು ಈಗಷ್ಟೇ.

“ಮುಖ ವನಜಾ ಮೇಡಂದೇ ಸಾರ್. ಆದ್ರೆ ಭಾವನೆ ‘ಸಂತೋಷ’ ಅಂತ ಬಂದಿದೆ. ಅವರ ಮುಖದಲ್ಲಿ ಇದೇ ಮೊದಲು.”

ಬುಧವಾರ ಬೆಳಿಗ್ಗೆ 7.15ಕ್ಕೆ ಹನುಮಂತಯ್ಯ ಕಾನ್‌ಸ್ಟೆಬಲ್ ಭಾಗ್ಯಶ್ರೀ ಜೊತೆ ಕುಂದಲಹಳ್ಳಿಯಲ್ಲಿ ವನಜಾಳ ಒಂಟಿ ಕೋಣೆಯ ಬಾಗಿಲು ತಟ್ಟಿದರು. ಆಕೆ ಏನನ್ನೂ ಮುಚ್ಚಿಡಲಿಲ್ಲ. ರೋಬೋ ಮಂಚದ ಮೇಲೆ ದುಪ್ಪಟಿ ಹೊದ್ದು ಕೂತಿತ್ತು. ಪಂಚನಾಮೆಗೆ ಸಾಕ್ಷಿಯಾಗಿ ಬಂದ ಮನೆ ಮಾಲೀಕರಾದ ಅಂಜಿನಮ್ಮ ಬೆಪ್ಪಾಗಿ ನಿಂತರು.

“ನಾಕು ವರ್ಸದಲ್ಲಿ ಒಬ್ರೂ ಇವ್ಳ ಮನೆಗೆ ಬಂದಿಲ್ಲ ಸಾಮಿ. ಮೊನ್ನೆಯಿಂದ ಒಳಗೆ ಮಾತು ಕೇಳ್ತಿತ್ತು. ನೆಂಟ್ರು ಬಂದವ್ರೆ ಅನ್ಕಂಡೆ.”

“ಯಾಕೆ ತಗೊಂಡ್ರಿ?” ಹನುಮಂತಯ್ಯ ವನಜಾಳನ್ನು ಕೇಳಿದರು.

“ಅಳೋಕೆ ಅಂತ ಕಂಪನಿ ಬರೆದುಕೊಟ್ಟ ಕತೆ ಎರಡೇ ವಾರಕ್ಕೆ ಮುಗೀತು ಸಾರ್. ಆಮೇಲೆ ನಂದೇ ಹೇಳ್ಕೊಂಡೆ. ಸೋಮವಾರ ಅದರ ನೆನಪೆಲ್ಲ ಅಳಿಸ್ತೀವಿ ಅಂದ್ರು.”

ಹುಟ್ಟಿದ ಮೂರನೇ ದಿನಕ್ಕೆ ಹೋದ ಮಗು, ಅದಾದ ಮೇಲೆ ಬಿಟ್ಟು ಹೋದ ಗಂಡ, ಮಗುವಿಗೆ ಇಡಬೇಕೆಂದಿದ್ದ ಹೆಸರು. ಇದಿಷ್ಟನ್ನೂ ಬಲ್ಲದ್ದು ಭೂಮಿಯ ಮೇಲೆ ಆ ರೋಬೋ ಒಂದೇ. ಹನುಮಂತಯ್ಯ ಆಕೆಗೆ ಬಂಧನದ ಕಾರಣ ತಿಳಿಸಿದರು, ರೋಬೋವನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿಸಿದರು.

“ಈಗ ಅಳಿಸ್ತಾರಾ ಸಾರ್?”

“ಇಲ್ಲಮ್ಮ. ಇದು ಈಗ ಕೇಸಿನ ಸಾಕ್ಷಿ. ಕೇಸ್ ಮುಗಿಯೋವರೆಗೂ ಯಾರೂ ಅಳಿಸೋ ಹಾಗಿಲ್ಲ.”

“ಎಷ್ಟು ದಿನ ಆಗುತ್ತೆ?”

“ನಮ್ಮ ಕೋರ್ಟು. ಐದಾರು ವರ್ಷನೇ ಹಿಡೀಬಹುದು.”

ವನಜಾ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಿಧಾನಕ್ಕೇ ನಡೀಲಿ ಸಾರ್,” ಎಂದು ಹೇಳಿ, ಯಾರೂ ಕೈ ಹಿಡಿಯದೆಯೇ ಜೀಪು ಹತ್ತಿದಳು.