ಅವನು ತೆರೆಯದ ನೋಟ್‌ಬುಕ್

"ಇದನ್ನ ರಿಪೇರಿ ಮಾಡ್ತೀರಾ, ಇಲ್ಲ ಇಲ್ಲೇ ಒಡೆದು ಹಾಕ್ಲಾ?"

ಕೌಂಟರಿನ ಗಾಜಿನ ಮೇಲೆ ಫೋನು ಠಪ್ಪೆಂದು ಬಿತ್ತು. ಮೊಬೈಲ್ ರಿಪೇರಿಯವನು ಬೆಚ್ಚಿ ತಲೆ ಎತ್ತಿದ. ಎದುರಿಗೆ, ಕುತ್ತಿಗೆಯಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಓಡಿ ಬಂದಿದ್ದ ಹುಡುಗಿ. ರಸ್ತೆಯ ಆಚೆ ಬದಿಯ ಟೈಲರ್ ಅಂಗಡಿಯವಳು. ತೋಳಿನ ಮೇಲೆ ನಾಲ್ಕು ಗುಂಡುಸೂಜಿ, ಮೂಗಿನ ತುದಿಯಲ್ಲಿ ಕೋಪ!

"ಒಡೆಯೋದಾದ್ರೆ ಆಚೆ ಒಡೀರಿ ಮೇಡಂ. ಗಾಜು ಹೊಸದು," ಅಂದ ತಣ್ಣಗೆ.

ಅವಳಿಗೆ ಮೈಯೆಲ್ಲ ಉರಿಯಿತು. ಬೈಯಬೇಕೆಂದು ಬಾಯಿ ತೆರೆದಳು. ಬಂದದ್ದು ಮಾತ್ರ ಅಳು.

"ನಮ್ಮತ್ತೆ ಎಷ್ಟೋ ದಿನ ಆದ್ಮೇಲೆ ಇವತ್ತು ನಕ್ಕಿದ್ರು. ಫೋಟೋ ತೆಗೆಯೋಣ ಅಂತ ಫೋನ್ ಎತ್ತಿದ್ರೆ ಯಾವ್ದೋ ಆಟದ ಜಾಹೀರಾತು! ಅದನ್ನ ಮುಚ್ಚಿದ್ರೆ 'ಜಾಗ ಇಲ್ಲ' ಅಂತು. ಅಷ್ಟರಲ್ಲಿ ಅವರ ನಗು ನಿಂತೇ ಹೋಯ್ತು..."

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಸ್ಟೂಲು ಮುಂದಕ್ಕೆ ಸರಿಸಿದ.

"ಕೂತ್ಕೊಳ್ಳಿ. ಮೊದಲು ನೀರು ಕುಡೀರಿ."

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ಅಕ್ಕ. ಗಂಡನೇ ಇನ್ನೂ ಇರಲಿಲ್ಲವಲ್ಲ! ಅಪ್ಪ ಅಮ್ಮ ಇಲ್ಲದ ಮಗುವನ್ನು ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಮಲಗಿಸಿ ಬೆಳೆಸಿದ ಹೆಂಗಸು ಆಕೆ. ಕೋಟು ಕತ್ತರಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಈಗ ಒಂದು ವರ್ಷದಿಂದ ಮರೆವು. ಕತ್ತರಿ ಹಿಡಿದು ನಿಂತರೆ ಯಾತಕ್ಕೆ ಹಿಡಿದೆ ಎಂಬುದೇ ನೆನಪಾಗುವುದಿಲ್ಲ.

ಅವನು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಫೋನ್ ಜೊತೆಗೇ ಬಂದಿರೋ ಆ್ಯಪ್‌ಗಳು. ಜಾಗ ತಿನ್ನೋದೂ ಇವೇ, ಜಾಹೀರಾತು ತೋರ್ಸೋದೂ ಇವೇ. ಸದ್ಯಕ್ಕೆ ಆಫ್ ಮಾಡಿ ಕೊಡ್ತೀನಿ."

ಆಫ್ ಮಾಡಿಯೂ ಕೊಟ್ಟ. ಎರಡೇ ದಿನ! ಹಾಳಾದವು ಮತ್ತೆ ಎದ್ದು ಕೂತವು. ಅವಳೂ ಮತ್ತೆ ಕೌಂಟರಿನ ಮುಂದೆ.

"ಹಾಗಾದ್ರೆ ರೂಟ್ ಮಾಡೋದೊಂದೇ ದಾರಿ," ಅಂದ ಅವನು. "ಫೋನ್ ನಿಮ್ಮದಾದ್ರೂ ಬೀಗ ಕಂಪನಿ ಕೈಲಿದೆ. ಬೀಗ ತೆಗೆದು ಪೂರ್ತಿ ಅಧಿಕಾರ ನಾವು ತಗೊಳ್ಳೋದೇ ರೂಟ್."

"ತೆಗೀರಿ ಮತ್ತೆ!"

"ಅವಸರ ಮಾಡಬಾರದು ಮೇಡಂ. ಬೀಗ ತೆಗೆದ ತಕ್ಷಣ ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಬ್ಯಾಂಕಿನ ಆ್ಯಪ್ ಮುನಿಸ್ಕೊಂಡು ನಿಂತ್ರೂ ನಿಂತೀತು. ತೆಗೀಬಾರದ್ದನ್ನ ತೆಗೆದ್ರೆ ಫೋನ್ ಮೇಲೇಳೋದೇ ಇಲ್ಲ." ಬಿಳಿ ಹಾಳೆಯೊಂದನ್ನು ಅವಳ ಕಡೆ ತಳ್ಳಿದ. "ಒಂದು ವಾರ ಟೈಮ್ ತಗೊಳ್ಳಿ. ಯಾವುದು ಇರಬೇಕು, ಯಾವುದು ಹೋಗಬೇಕು, ನಿಮ್ಮ ಕೈಯಾರೆ ಬರೀರಿ. ನಿಮ್ಮ ಬರಹ ಇಲ್ದೆ ನಾನು ಒಂದನ್ನೂ ಮುಟ್ಟಲ್ಲ."

ಎಂಥ ಹಟದ ಮನುಷ್ಯ! ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಬೇಡ ಎನ್ನುವ ಅತ್ತೆಯ ಥರವೇ... ಹಾಗೆ ಅನ್ನಿಸಿದ್ದೇ ಅವಳ ಕೋಪ ಅರ್ಧ ಇಳಿಯಿತು.

ಆ ವಾರ ಅವಳು ಮೂರು ಸಲ ರಸ್ತೆ ದಾಟಿದಳು. ಒಮ್ಮೆ "ಗಡಿಯಾರ ಇರ್ಲಾ?" ಅಂತ. ಇನ್ನೊಮ್ಮೆ "ಟಾರ್ಚ್ ತೆಗೆದ್ರೆ ಏನಾದ್ರೂ ಆಗುತ್ತಾ?" ಅಂತ. ಮೂರನೇ ಸಲ ಏನು ಕೇಳಲು ಬಂದೆ ಎಂಬುದೇ ಅವಳಿಗೆ ಮರೆತುಹೋಯಿತು. ಅವನ ಕಾಲರಿನ ಗುಂಡಿ ಇರಲಿಲ್ಲ. ಟೈಲರ್ ಕಣ್ಣು, ಕೇಳಬೇಕೇ! ಅಲ್ಲೇ ಸಿಕ್ಕಿಕೊಂಡಿತು.

ಅಂಗಡಿಗೆ ಮರಳಿದವಳು ಫೋನಿನಲ್ಲಿ ಪೆನ್ಸಿಲ್ ಚಿತ್ರವಿದ್ದ ನೋಟ್‌ಬುಕ್ ಆ್ಯಪ್ ತೆರೆದು ಏನೋ ಬರೆದಳು. ಬರೆದು ತನಗೆ ತಾನೇ ನಾಚಿಕೊಂಡಳು.

ಕೊನೆಗೆ ಫೋನು ಒಪ್ಪಿಸುವ ದಿನ ಬಂತು. ಅವನು ಹಾಳೆಯ ಮೇಲೆ ಬೆರಳಾಡಿಸುತ್ತಾ ಕೇಳಿದ.

"ಪೆನ್ಸಿಲ್ ಚಿತ್ರದ ನೋಟ್‌ಬುಕ್ಕೂ ಹೋಗ್ಲಿ ಅಂತ ಬರೆದಿದ್ದೀರಿ. ಅದರಲ್ಲಿ ಏನೋ ಇರೋ ಹಾಗಿದೆ. ತೆರೆದು ನೋಡ್ಲಾ?"

"ಬೇಡ!" ಎಂದಳು. ಎಷ್ಟು ಜೋರಾಗಿ ಎಂದರೆ ಹೊರಗೆ ನಿಂತಿದ್ದವರು ತಿರುಗಿ ನೋಡಿದರು. "ತೆರೆಯಬೇಡಿ! ಅದರಲ್ಲಿ... ಏನೂ ಇಲ್ಲ. ಬೇಕಾಗಿರೋದೆಲ್ಲ ಮೆಮೊರಿ ಕಾರ್ಡ್‌ನಲ್ಲಿದೆ."

"ಖಂಡಿತಾನಾ?"

"ಖಂಡಿತ."

ಮೂರನೇ ದಿನ ಕೈಗೆ ಬಂದ ಫೋನು ಹೊಸದರ ಹಾಗಿತ್ತು. ಜಾಹೀರಾತಿಲ್ಲ, ತಡವರಿಕೆ ಇಲ್ಲ. ಖುಷಿಯಿಂದ ಅಂಗಡಿಗೆ ಬಂದು, ಕತ್ತರಿಸಬೇಕಿದ್ದ ಕೋಟಿನ ಬಟ್ಟೆ ಹಾಸಿ, ಅತ್ತೆ ಹೇಳಿಕೊಟ್ಟು ತಾನು ಬರೆದುಕೊಂಡಿದ್ದ ಕಟಿಂಗ್ ಪಾಠ ನೋಡಲು ಮೆಮೊರಿ ಕಾರ್ಡ್ ತೆರೆದಳು.

ಬರೀ ಫೋಟೋಗಳು.

ಮತ್ತೆ ಹುಡುಕಿದಳು. ಇಲ್ಲ! ಅತ್ತೆ ಪೂರ್ತಿ ಮರೆಯುವ ಮೊದಲು ಆರು ತಿಂಗಳು ಪಕ್ಕದಲ್ಲಿ ಕೂತು ಬರೆದುಕೊಂಡದ್ದು... ಒಂದೊಂದು ಕಟಿಂಗು, ಒಂದೊಂದು ಮಾತು... ಕಾರ್ಡಿಗೆ ಹೋಗಿದೆ ಎಂದೇ ನಂಬಿದ್ದಳು. ಅದು ಕಾರ್ಡಿಗೆ ಹೋಗಿರಲೇ ಇಲ್ಲ. ಪೆನ್ಸಿಲ್ ಚಿತ್ರದ ನೋಟ್‌ಬುಕ್ಕಿನೊಳಗೇ ಇತ್ತು. ಅದನ್ನು ತೆಗೆಯಿರಿ ಎಂದು ತಾನೇ ಬರೆದು ಕೊಟ್ಟಿದ್ದಳು.

ಫೋನು ಹಿಡಿದು ರಸ್ತೆ ದಾಟಿ ಅವನ ಕೌಂಟರಿನ ಮುಂದೆ ನಿಂತಳು.

"ನೋಟ್‌ಬುಕ್ ತೆರೆದು ನೋಡ್ಬಾರ್ದಿತ್ತಾ ನೀವು?"

ಅವನ ಮುಖ ಬಿಳಿಚಿಕೊಂಡಿತು. "ತೆರೆಯಬೇಡಿ ಅಂದ್ರಲ್ಲ ಮೇಡಂ..."

"ನಾನು ಅಂದೆ ಅಂತ! ನಮ್ಮತ್ತೆಯ ಇಡೀ ಜೀವನ ಇತ್ತು ಅದರಲ್ಲಿ! ಕಸ ಯಾವುದು, ಜೀವ ಯಾವುದು ಅಂತ ಗೊತ್ತಾಗದವರು ಯಾಕ್ರೀ ಅಂಗಡಿ ಇಟ್ಕೊಂಡಿದ್ದೀರಿ?"

ಆಡಿದ ಮಾತು ಅನ್ಯಾಯದ್ದೆಂದು ಆಡುವಾಗಲೇ ಗೊತ್ತಿತ್ತು. ಅವನು ತಿರುಗಿ ಬೈಯಲಿಲ್ಲ. ಅವಳ ಕೈಬರಹದ ಹಾಳೆ ಅಲ್ಲೇ ಮುಂದೆ ಇತ್ತು, ಅದನ್ನೂ ತೋರಿಸಲಿಲ್ಲ.

"ಎರಡು ದಿನ ಟೈಮ್ ಕೊಡಿ," ಅಂದ, ಅಷ್ಟೇ.

"ಎರಡು ದಿನ ಕೊಟ್ರೆ ನಮ್ಮತ್ತೆ ಮರೆತಿದ್ದೆಲ್ಲ ವಾಪಸ್ ಬರುತ್ತಾ? ನಿಮ್ಮ ಅಂಗಡಿ ಮೆಟ್ಟಿಲು ಇನ್ನು ಹತ್ತಿದ್ರೆ ಕೇಳಿ!"

ಮಾರನೇ ದಿನ ಎದುರಿನ ಅಂಗಡಿಯ ಷಟರ್ ಮೇಲೇಳಲಿಲ್ಲ. ಅದರ ಮರುದಿನವೂ ಇಲ್ಲ. 'ಮುಖ ತೋರಿಸೋಕಾಗದೆ ಓಡಿಹೋದ' ಎಂದು ಮನಸ್ಸು ಹೇಳಿತು. 'ಓಡಿಸಿದ್ದು ನೀನೇ' ಎಂದೂ ಅದೇ ಮನಸ್ಸು ಹೇಳಿತು. ಹಾಸಿದ ಬಟ್ಟೆ ಹಾಗೇ ಬಿದ್ದಿತ್ತು. ಕತ್ತರಿ ಹಾಕಲು ಅವಳಿಗೆ ಧೈರ್ಯವಾಗಲಿಲ್ಲ.

"ಮೊಬೈಲ್ ಡಾಕ್ಟ್ರು ಎಲ್ಲೇ ಪುಟ್ಟಿ, ಕಾಣ್ತಾನೇ ಇಲ್ಲ?" ಎಂದು ಕಿಟಕಿಯ ಬಳಿ ಕೂತಿದ್ದ ಅತ್ತೆ ಕೇಳಿದರು. ಎಲ್ಲವನ್ನೂ ಮರೆಯುವ ಅತ್ತೆಗೆ ಇದೊಂದು ಮಾತ್ರ ಹೇಗೆ ನೆನಪಿರುತ್ತದೋ!

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಅವನೇ! ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಅವಳದರಂಥದೇ ಒಂದು ಹಳೇ ಫೋನು. ಪರದೆ ಕೆಳಗೆ ಮಾಡಿ ಅದನ್ನು ಕಟಿಂಗ್ ಟೇಬಲ್ಲಿನ ಮೇಲಿಟ್ಟ.

"ಬೀಗ ತೆಗೆಯೋ ಮೊದಲು ಇಡೀ ಫೋನನ್ನ ಬ್ಯಾಕಪ್‌ನಲ್ಲಿ ಕಟ್ಟಿಡೋದು ನನ್ನ ಅಭ್ಯಾಸ. ಆದ್ರೆ ನೋಟ್‌ಬುಕ್ಕಿನದು ಅದರೊಳಗೆ ಬಂದಿದೆಯೋ ಇಲ್ವೋ ಗೊತ್ತಿರ್ಲಿಲ್ಲ. ನಿಮ್ಮ ಫೋನಲ್ಲೇ ಬಿಚ್ಚಿದ್ರೆ ಈಗಿರೋದೆಲ್ಲ ಹೋಗ್ತಿತ್ತು, ಅದಕ್ಕೇ ಬಿಚ್ಚಿ ನೋಡೋಕೆ ಇದೇ ಮಾದರಿ ಇನ್ನೊಂದು ಫೋನು ಬೇಕಿತ್ತು. ಎಲ್ಲೂ ಸಿಗ್ಲಿಲ್ಲ. ಹುಡುಕಿ ಹುಡುಕಿ ಕೊನೆಗೆ ನಮ್ಮ ಅಕ್ಕನ ಗೆಳತಿ ಮನೇಲಿ ಸಿಕ್ತು."

"ಅವತ್ತೇ ಹೇಳಬಹುದಿತ್ತಲ್ಲ..."

"ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನೋದು ಹೇಗೆ ಮೇಡಂ?" ಎಂದು ತಲೆ ತಗ್ಗಿಸಿದ. "ನಲವತ್ತೆರಡು ನೋಟು ಇದೆ ಅಂತ ತೋರಿಸ್ತಿದೆ. ನಾನು ಒಂದನ್ನೂ ತೆರೆದಿಲ್ಲ. ನೀವೇ ನೋಡಿ."

ಅವಳು ತೆರೆದಳು. ಇತ್ತು! ಎಲ್ಲವೂ ಇತ್ತು! ಕಣ್ಣು ಮಂಜಾಗಿ ಅಕ್ಷರ ಸರಿಯಾಗಿ ಕಾಣಲಿಲ್ಲ. ಆದರೂ ಜೋರಾಗಿ ಓದಿದಳು.

"ಕಂಕುಳ ಹತ್ರ ಅರ್ಧ ಇಂಚು ಸಡಿಲ ಬಿಡು ಪುಟ್ಟಿ. ಕೋಟು ಹಾಕ್ಕೊಳ್ಳೋನು ಗೊಂಬೆ ಅಲ್ಲ, ಉಸಿರಾಡ್ಬೇಕು."

ಕಿಟಕಿಯ ಬಳಿ ಅತ್ತೆ ಕಿಸಕ್ಕನೆ ನಕ್ಕರು. "ಯಾರೇ ಹೇಳಿದ್ದು ಹಾಗೆ? ಭಾರೀ ಜಾಣೆ ಅವಳು!"

"ನೀವೇ ಅತ್ತೆ!"

"ನಾನಾ?" ಅತ್ತೆ ಇನ್ನೂ ಜೋರಾಗಿ ನಕ್ಕರು. ಟೇಬಲ್ಲಿನ ಮೇಲಿದ್ದ ಅವಳ ಫೋನನ್ನು ಅವನು ಥಟ್ಟನೆ ಎತ್ತಿದ. ಆಟದ ಜಾಹೀರಾತು ಬರಲಿಲ್ಲ. ಜಾಗವಿಲ್ಲ ಎನ್ನಲಿಲ್ಲ. ಅತ್ತೆಯ ನಗು ಫೋಟೋದಲ್ಲಿ ಹಾಗೇ ಉಳಿಯಿತು.

ಅವಳಿಗೆ ಅಳು ತಡೆಯಲಾಗಲಿಲ್ಲ.

"ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಕ್ಷಮಿಸಿ. ತಪ್ಪು ನಂದೇ."

"ಬಿಡಿ ಮೇಡಂ." ಅವನು ಬಾಗಿಲ ಕಡೆ ತಿರುಗಿದ. ಒಂದು ಹೆಜ್ಜೆ ಇಟ್ಟು ನಿಂತ. "ಒಂದೇ ಅರ್ಥ ಆಗ್ಲಿಲ್ಲ. ಕಟಿಂಗ್ ಪಾಠ ನಾನು ನೋಡಿದ್ರೆ ಏನಾಗ್ತಿತ್ತು? ಅಷ್ಟೊಂದು ಗಾಬರಿ ಯಾಕೆ?"

ಹೇಳಬೇಕೇ? ಹೇಳದಿದ್ದರೆ ಇವನು ರಸ್ತೆ ದಾಟಿ ಹೋಗಿಬಿಡುತ್ತಾನೆ... ಕೆನ್ನೆ ಬಿಸಿಯಾಯಿತು. ನಲವತ್ತೆರಡನೆಯ ನೋಟು ತೆರೆದು ಫೋನನ್ನು ಅವನ ಕೈಗೆ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಳು.

"ಓದಿ. ಮನಸ್ಸಲ್ಲೇ ಓದ್ಕೊಳ್ಳಿ!"

ಅವನು ಕೇಳಿದರೆ ತಾನೇ! ಮೆಲ್ಲಗೆ ಬಾಯಿಬಿಟ್ಟೇ ಓದಿದ.

"ರಿಪೇರಿಯವರು. ಕಣ್ಣಳತೆ. ಭುಜ ಹದಿನೇಳೂವರೆ, ತೋಳು ಇಪ್ಪತ್ತನಾಲ್ಕು. ಕಾಲರಿನ ಗುಂಡಿ ಇಲ್ಲ. ಮನೆಯಲ್ಲಿ ನೋಡಿ ಹೇಳುವವರು ಯಾರೂ ಇಲ್ಲವೇನೋ. ಇಲ್ಲದಿದ್ದರೇ ಒಳ್ಳೆಯದು..."

ಓದಿ ಮುಗಿಸಿ ಫೋನನ್ನು ಟೇಬಲ್ಲಿನ ಮೇಲಿಟ್ಟ.

"ಯಾರೂ ಇಲ್ಲ," ಅಂದ. "ಆದ್ರೆ ಗುಂಡಿ ಬಿದ್ದುಹೋಗಿದ್ದಲ್ಲ."

"ಮತ್ತೆ?"

ಅವನು ಜೇಬಿಗೆ ಕೈ ಹಾಕಿ ಪುಟ್ಟ ಬಿಳಿ ಗುಂಡಿಯನ್ನು ಟೇಬಲ್ಲಿನ ಮೇಲಿಟ್ಟ.

"ನಾನೇ ಕಿತ್ತಿದ್ದು. ಹಾಕಿಸ್ಕೊಳ್ಳೋ ನೆಪದಲ್ಲಿ ಇಲ್ಲಿಗೆ ಬರೋಣ ಅಂತ. ಹತ್ತು ದಿನದಿಂದ ಜೇಬಲ್ಲೇ ಇದೆ. ಬರೋಕೆ ಧೈರ್ಯ ಆಗ್ಲಿಲ್ಲ."

ಅವಳು ತಿರುಗಿ ಗುಂಡಿ ನೋಡಿದಳು. ಅವನನ್ನು ನೋಡಿದಳು. ನಗು, ಅಳು ಎರಡೂ ಒಟ್ಟಿಗೇ ಬಂದವು. ಸೂಜಿಗೆ ಬಿಳಿ ದಾರ ಪೋಣಿಸಲು ಅವತ್ತು ಹಿಡಿದಷ್ಟು ಹೊತ್ತು ಹಿಂದೆಂದೂ ಹಿಡಿದಿರಲಿಲ್ಲ!

"ಶರ್ಟ್ ಬಿಚ್ಚಿ ಕೊಡ್ಬೇಕಾ?"

"ಬೇಡ. ಹತ್ರ ಬನ್ನಿ, ಸಾಕು."

ಹತ್ತಿರ ಬಂದ. ಕಾಲರ್ ಹಿಡಿದ ಅವಳ ಬೆರಳಿಗೆ ಅವನ ಎದೆ ಬಡಿತ ತಿಳಿಯುತ್ತಿತ್ತು.

"ಚುಚ್ಚುತ್ತಾ?"

"ಅಲ್ಲಾಡಿದ್ರೆ ಚುಚ್ಚುತ್ತೆ."

"ಎಲ್ಲೂ ಅಲ್ಲಾಡಲ್ಲ. ಇಲ್ಲೇ ಇರ್ತೀನಿ," ಅಂದ. ಆಮೇಲೆ ಕೇಳಿದ, "ಆಯ್ತಾ?"

ದಾರಕ್ಕೆ ಗಂಟು ಬಿದ್ದು ಆಗಲೇ ಸ್ವಲ್ಪ ಹೊತ್ತಾಗಿತ್ತು.

"ಇನ್ನೂ ಇಲ್ಲ," ಎಂದಳು ತಲೆ ಎತ್ತದೆ.

"ನಿಧಾನಕ್ಕೆ ಹೊಲೀರಿ," ಅಂದ ಅವನು. "ನನಗೇನೂ ಅವಸರ ಇಲ್ಲ."