ಮಷೀನು ನಿಲ್ಲುವವರೆಗೆ

ಕಲಬುರಗಿಯಿಂದ ಬಂದ ಲಕೋಟೆಯನ್ನು ಮರಿಲಿಂಗಮ್ಮ ತಾನು ಕೆಲಸ ಮಾಡುವ ಲ್ಯಾಬಿನ ಬಾಗಿಲಲ್ಲಿ ನಿಂತೇ ಒಡೆದಳು. ಬಸವಂತ್ರಾಯನ ರಕ್ತದ ವರದಿ: ಹೋಮೋಸಿಸ್ಟೀನ್ ಮೂವತ್ತೊಂದು. ಹದಿನೈದರೊಳಗೆ ಇರಬೇಕಾದದ್ದು.

ಆ ಅಮೈನೋ ಆಮ್ಲ ರಕ್ತದಲ್ಲಿ ಏರಿದರೆ ಗುಂಡಿಗೆಗೆ ಅಪಾಯವಿರಬಹುದು ಎಂದು ಡಾಕ್ಟರು ಬಸವಂತ್ರಾಯನಿಗೆ ಮೊದಲೇ ಹೇಳಿದ್ದರು. ಗೋಗಿಯ ಹತ್ತಿರ ಕಾಲುವೆಯ ಗೇಟು ನೋಡಿಕೊಳ್ಳುವವನು ಅವನು. ಅಪ್ಪ ನಲವತ್ತೊಂದಕ್ಕೆ, ಅಣ್ಣ ಮೂವತ್ತೊಂಬತ್ತಕ್ಕೆ ಎದೆ ಹಿಡಿದುಕೊಂಡು ಬಿದ್ದವರು. ಅವನಿಗೀಗ ಮೂವತ್ತೆಂಟು.

ಹತ್ತು ದಿನದ ಹಿಂದೆ ಶಹಾಪುರದ ಈ ಲ್ಯಾಬಿಗೇ ಬಂದು ರಕ್ತ ಕೊಟ್ಟವನು, ತೋಳಿನ ಹತ್ತಿ ಒತ್ತಿಕೊಂಡು ಕುಳಿತೇ ಇದ್ದ.

“ಸೂಜಿ ಚುಚ್ಚೂಮುಂದೂ ನಗ್ತೀರಲ್ರಿ ಮೇಡಮ್ಮೋರ! ಎಂಥಾ ಕಲ್ಲೆದಿ ನಿಮ್ದು!”

“ಗೇಟಿಗೆ ಕೀಲಿ ಹಾಕಿ ರೈತ್ರನ್ನ ಅಳಸೋರು ನೀವು. ನಂದು ಕಲ್ಲೆದಿ ಏನ್ರಿ?”

ಅವನ ನಗು ಅವಳ ಬಳೆಗಳ ಮೇಲೆ ಬಂದು ನಿಂತಿತ್ತು. “ನಿಮಗೊಂದು ಮಾತು ಕೇಳೋದು ಅದರಿ. ರಿಪೋರ್ಟ್ ಚಲೋ ಬಂದ್ರ ಕೇಳ್ತೀನಿ, ಇಲ್ಲಂದ್ರ ಇಲ್ಲ. ನಮ್ಮ ಅತ್ತಿಗಿ ಬಳಿ ಒಡ್ದಿದ್ದು ಕಣ್ಣಾರ ಕಂಡೀನಿ. ನನ್ನ ಸಲುವಾಗಿ ಇನ್ನೊಬ್ಬಾಕಿ ಬಳಿ ಒಡೀಬಾರ್ದು.”

ಮರಿಲಿಂಗಮ್ಮ ಕಾಗದವನ್ನು ಮತ್ತೊಮ್ಮೆ ಓದಿದಳು. ಅಂದು ಟ್ಯೂಬು ಮೇಜಿನ ಮೇಲೆಯೇ ನಿಂತಿತ್ತು! ಗಂಟೆಯೊಳಗೆ ಮಷೀನಿಗೆ ಹಾಕಿ ತಿರುಗಿಸಿ, ರಕ್ತಕಣ ಬೇರ್ಪಡಿಸಿ ಕಲಬುರಗಿಗೆ ಕಳಿಸಬೇಕು; ತಡವಾದರೆ ಈ ಅಂಕಿ ತಾನಾಗಿಯೇ ಏರುತ್ತದೆ. ಅವರಿಬ್ಬರ ಮಾತು ಮುಗಿದಾಗ ಊಟದ ಹೊತ್ತಾಗಿತ್ತು. ಆದರೆ ಬರೀ ತಡಕ್ಕೆ ಇಷ್ಟೊಂದು ಏರುತ್ತದೆಯೆ?

ಅಷ್ಟರಲ್ಲಿ ಅವನೇ ಬಂದ. ಅವಳ ಮುಖ ನೋಡಿ ಹೊಸ್ತಿಲಲ್ಲೇ ನಿಂತ.

“ದಿನಾ ನೀರಿನ ಮಟ್ಟ ನೋಡಾಂವ ನಾ. ಏರ್ಯಾದ, ಹೌದಲ್ರಿ?”

“ಏರ್ಯಾದ. ಆದ್ರ ತಪ್ಪು ನಂದದ. ನಿಮ್ಮ ರಕ್ತ ಹೊತ್ತಿಗೆ ಸರಿಯಾಗಿ ಮಷೀನಿಗೆ ಹಾಕ್ಲಿಲ್ಲ.”

“ಹತ್ತು ವರ್ಷದಾಗ ನೀವು ಒಂದು ತಪ್ಪೂ ಮಾಡಿಲ್ಲಂತಾರ. ಯಾಕ ಮರ್ತ್ರಿ?”

“ನೀವು ಮಾತಾಡಾಕತ್ತಿದ್ರಿ,” ಅವಳು ತಲೆ ತಗ್ಗಿಸಿದಳು. “ನಾ ಕೇಳಾಕತ್ತಿದ್ದೆ.”

ಅವನು ಒಳಗೆ ಬಂದು ಕುಳಿತು ಅಂಗಿಯ ತೋಳು ಮಡಚಿದ. “ಮತ್ತ ತಗೀರಿ. ಅಂಜಿಕಿಗೆ ಚಾ ಸುದ್ದಾ ಕುಡ್ದಿಲ್ಲ.”

“ಇವತ್ತು ಮಷೀನ್ ನಿಲ್ಲೋತನ ಒಂದು ಮಾತೂ ಇಲ್ಲ.”

ಮಷೀನು ಗುಂಯ್‌ಗುಟ್ಟತೊಡಗಿತು. ಇಬ್ಬರೂ ಅದರ ಮುಚ್ಚಳವನ್ನೇ ನೋಡುತ್ತ ಕುಳಿತರು. ಅವನ ಕಣ್ಣು ಒಮ್ಮೆ ಅವಳ ಬಳೆಗೆ ಬಂದು, ಸುಟ್ಟುಕೊಂಡಂತೆ ಹಿಂದೆ ಸರಿಯಿತು. ಅಷ್ಟು ಉದ್ದದ ಹತ್ತು ನಿಮಿಷವನ್ನು ಅವಳು ಕಂಡಿರಲಿಲ್ಲ.

ಸದ್ದು ನಿಂತಿತು.

“ಆ ಮಾತು ಈಗ ಕೇಳ್ರಿ,” ಅಂದಳು. “ರಿಪೋರ್ಟ್ ಬರೋಕಿಂತ ಮೊದಲ.”

“ಮತ್ತ ಏರಿದ್ರ?”

“ಕಾಲುವಿ ನೀರು ಏರಿದ್ರ ನೀವು ಮನಿಗೆ ಓಡ್ತೀರೇನು?”

“ಇಲ್ರಿ. ದಂಡಿಗೆ ಕುಂತು ಕಾಯ್ತೀನಿ.”

“ನಾನೂ ಕುಂದರ್ತೀನಿ.”

ಅವನು ಕೇಳಿದ. ಅವಳು ಹೂಂ ಅಂದಳು.

ಮೆಟ್ಟಿಲಿಳಿದು ಹೋದವನು ಮರೆತ ಟವೆಲ್ಲಿಗಾಗಿ ಹಿಂದಿರುಗಿದ. ಬಾಗಿಲ ಚೌಕಟ್ಟು ಹಿಡಿದು, ಉಸಿರು ಸಿಗುವವರೆಗೆ ನಿಂತು, ನಕ್ಕ. “ನಿಮ್ಮಲ್ಲಿ ಮೆಟ್ಲ ಭಾಳ ಅದಾವ ನೋಡ್ರಿ.”

ಟವೆಲ್ಲಿನೊಂದಿಗೆ ಅವನ ಕೈಯನ್ನೂ ಹಿಡಿದಳು. ಬೆರಳು ತಾನಾಗಿ ನಾಡಿಯ ಮೇಲೆ ಹೋಯಿತು. ಬಿಡಲಿಲ್ಲ.

ಮೆಟ್ಟಿಲು ಇದ್ದದ್ದು ಆರೇ.